ಮಕ್ಕಳ ಹಾಲು-ತಿಂಡಿಯಲ್ಲಿ ಕಾಣದ ಕೆಫೀನ್, ಪ್ಯಾಕೆಟ್ ಹಿಂದಿನ ನಂಬರ್‌ಗಳು: ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ಹಾಲುಕೆನೆ

ಆರು ವರ್ಷದ ಮಗು, ತೂಕ 18 ಕೆ.ಜಿ. ರಾತ್ರಿ ಹತ್ತೂವರೆಯಾದರೂ ನಿದ್ದೆ ಹತ್ತುವುದಿಲ್ಲ. ದಿನಕ್ಕೆ ಹೊಟ್ಟೆಗೆ ಹೋಗುವುದು ಇಷ್ಟು: ಬೆಳಿಗ್ಗೆ ಹಾಲಿಗೆ 20 ಗ್ರಾಂ ಚಾಕೊಲೇಟ್ ಮಾಲ್ಟ್ ಪುಡಿ. ಸಂಜೆ ನಾಲ್ಕಕ್ಕೆ ಅರ್ಧ ಲೋಟ ಟೀ, ಸುಮಾರು 75 ಮಿ.ಲೀ., ಜೊತೆಗೆ ಬ್ರೌನ್ ಬ್ರೆಡ್. ಅಜ್ಜಿ ಕಾಫಿ ಕುಡಿಯುವಾಗ ಅದರಲ್ಲಿ ಎರಡು ಗುಟುಕು. ವಾರಕ್ಕೆರಡು ಸಲ ನೂಡಲ್ಸ್, ಭಾನುವಾರ 200 ಮಿ.ಲೀ. ಕೋಲಾ.

ಮಾಲ್ಟ್ ಡಬ್ಬದ ಮೇಲೆ ಕೆಫೀನ್ ಅಂತ ಎಲ್ಲೂ ಬರೆದಿಲ್ಲ. ಇಲ್ಲವೇ ಇಲ್ಲ ಅಂತಲೋ, ಬರೆದಿಲ್ಲ ಅಂತಲೋ? ಎರಡನೆಯದು, ಪ್ಯಾಕೆಟ್ ಹಿಂದೆ ಬಣ್ಣ, ಸಂರಕ್ಷಕದಂಥ ಸೇರ್ಪಡೆಗಳಿಗೆ ಹಾಕುವ ಐಎನ್‌ಎಸ್ ನಂಬರ್‌ಗಳಲ್ಲಿ ನಿಜವಾಗಿ ಬಿಡಬೇಕಾದ್ದು ಯಾವುವು? ಮೂರನೆಯದು, ಮನೆಯಲ್ಲಿ ಐದು ತಿಂಗಳ ಗರ್ಭಿಣಿ ಇದ್ದಾರೆ. ದಿನಕ್ಕೆರಡು ಫಿಲ್ಟರ್ ಕಾಫಿ ಬೇಕೇ ಬೇಕು. ಕೆಫೀನ್ ಕಡಿಮೆಯಾಗಲಿ ಅಂತ 80:20 (ಕಾಫಿ:ಚಿಕೋರಿ) ಬಿಟ್ಟು 60:40 ಪುಡಿ ತರುತ್ತಿದ್ದೇವೆ. ಅದು ಸಾಕಾ?

ಉತ್ತರ: ಸಣ್ಣಕ್ಷರ

ಬರೆದಿಲ್ಲ, ಅಷ್ಟೇ. ಕೆಫೀನನ್ನು ಬೇರೆಯಾಗಿ ಸೇರಿಸಿದರೆ ಲೇಬಲ್ ಮೇಲೆ ಹೇಳಬೇಕು. ಕೋಲಾ ಬಾಟಲಿಯಲ್ಲಿ 'ಕೆಫೀನ್ ಇದೆ' ಎಂಬ ಸಾಲು ಇರುವುದು ಅದಕ್ಕೇ. ಕೋಕೋ, ಟೀ, ಕಾಫಿಯ ಜೊತೆ ತಾನಾಗಿ ಬರುವ ಕೆಫೀನ್ ಪದಾರ್ಥಗಳ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಹುಡುಕಬೇಕಾದ್ದು ಕೆಫೀನ್ ಅನ್ನುವ ಪದವನ್ನಲ್ಲ. ಕೋಕೋ ಸಾಲಿಡ್ಸ್, ಕಾಫಿ ಪುಡಿ, ಟೀ ಎಕ್ಸ್‌ಟ್ರಾಕ್ಟ್, ಗುವಾರಾನಾ (ಕೆಫೀನ್ ಇರುವ ಒಂದು ಬೀಜ), ಇವನ್ನು ಹುಡುಕಿ. ಕಾಫಿ ಫ್ಲೇವರ್ ಐಸ್‌ಕ್ರೀಮು, ಐಸ್ ಟೀ ಪುಡಿ, ಡಾರ್ಕ್ ಚಾಕೊಲೇಟು ಎಲ್ಲಕ್ಕೂ ಇದೇ ಅನ್ವಯ. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಒಂದಕ್ಕೆ 50 ಮಿ.ಗ್ರಾಂ ಕೆಫೀನ್ ಇರುತ್ತದೆ. ಆ ಸ್ಟ್ರಿಪ್ ಹಿಂದೆ ಮಾತ್ರ ಪ್ರಮಾಣ ಸ್ಪಷ್ಟವಾಗಿ ಬರೆದಿರುತ್ತದೆ.

ಈಗ ಮಗುವಿನ ಲೆಕ್ಕ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೆ ಇಟ್ಟ ಅಂದಾಜು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 3 ಮಿ.ಗ್ರಾಂ. 18 ಕೆ.ಜಿ.ಗೆ 54 ಮಿ.ಗ್ರಾಂ ಆಯಿತು. ಇಷ್ಟು ಕೊಡಿ ಅಂತಲ್ಲ, ಇದನ್ನು ದಾಟಬೇಡಿ ಅಂತ.

ಸಕ್ಕರೆ ಹಾಕದ ಕೋಕೋ ಪುಡಿಯಲ್ಲಿ 100 ಗ್ರಾಂಗೆ ಸುಮಾರು 230 ಮಿ.ಗ್ರಾಂ ಕೆಫೀನ್. ನಿಮ್ಮ 20 ಗ್ರಾಂ ಮಾಲ್ಟ್ ಪುಡಿಯಲ್ಲಿ ಶೇ. 10 ಕೋಕೋ ಇದೆ ಅಂದುಕೊಂಡರೂ 2 ಗ್ರಾಂ ಕೋಕೋ, ಅಂದರೆ 5 ಮಿ.ಗ್ರಾಂ ಒಳಗೆ. ಎಲ್ಲರೂ ಬೈಯುವ ಡಬ್ಬದ ಪಾಲು ಇಷ್ಟೇ.

ಟೀಗೆ ಬನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಪ್ರಕಾರ 150 ಮಿ.ಲೀ. ಟೀಯಲ್ಲಿ 30ರಿಂದ 65, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ. ಅರ್ಧ ಲೋಟ ಟೀ 15ರಿಂದ 32 ಆಯಿತು. ನಮ್ಮ ಕಡೆ ಡಸ್ಟ್ ಟೀಯನ್ನು ಹಾಲಿನ ಜೊತೆ ಚೆನ್ನಾಗಿ ಕುದಿಸುತ್ತೇವಲ್ಲ, ಮೇಲಿನ ಅಂಕಿಯನ್ನೇ ಹಿಡಿಯಿರಿ. ಅಜ್ಜಿಯ ಲೋಟದ ಎರಡು ದೊಡ್ಡ ಗುಟುಕು 30 ಮಿ.ಲೀ. ಅಂದರೆ 16ರಿಂದ 24. ಅಲ್ಲಿಗೆ ಸಾಮಾನ್ಯ ದಿನವೇ 36ರಿಂದ 61. ಭಾನುವಾರದ ಕೋಲಾ ಸೇರಿದರೆ ಇನ್ನೂ ಇಪ್ಪತ್ತು ಚಿಲ್ಲರೆ. ನಮ್ಮಲ್ಲಿ ಸೋಡಾ ಪಾನೀಯಕ್ಕೆ ಮಿತಿ ಲೀಟರಿಗೆ 145 ಮಿ.ಗ್ರಾಂ, 200 ಮಿ.ಲೀ.ಗೆ ಹೆಚ್ಚೆಂದರೆ 29.

ದೊಡ್ಡವರಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಅದೇ ಲೆಕ್ಕ ಮಗುವಿಗೆ ಹಿಡಿದರೂ ನಾಲ್ಕರ ಟೀಯ ಅರ್ಧ ಒಂಬತ್ತಕ್ಕೂ ಮೈಯಲ್ಲಿದೆ. ಮೊದಲು ನಿಲ್ಲಬೇಕಾದ್ದು ಟೀ ಮತ್ತು ಆ ಎರಡು ಗುಟುಕು, ಡಬ್ಬ ಅಲ್ಲ. ಇನ್ನೊಂದು ಕಾರಣವೂ ಇದೆ. ಟೀಯ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಟೀ-ಕಾಫಿ ಬೇಡ ಅನ್ನುವುದು ಅದಕ್ಕೇ. ಬಿಸಿಬಿಸಿ ಏನಾದರೂ ಬೇಕೆಂದು ಹಟ ಮಾಡಿದರೆ ಕೊತ್ತಂಬರಿ ಬೀಜ, ಜೀರಿಗೆಯ ಕಷಾಯ ಕೊಡಿ. ಅದರಲ್ಲಿ ಕೆಫೀನ್ ಸೊನ್ನೆ.

ಡಬ್ಬದಲ್ಲಿ ನೋಡಬೇಕಾದ್ದು ಸಕ್ಕರೆ. 'ಸೇರಿಸಿದ ಸಕ್ಕರೆ' ಸಾಲು ನೋಡಿ. 100 ಗ್ರಾಂಗೆ 30 ಇದ್ದರೆ ನಿಮ್ಮ 20 ಗ್ರಾಂಗೆ 6, ಅಂದರೆ ಒಂದೂಕಾಲು ಚಮಚ. ಆ ಮೇಲೆ ನಾವು ಲೋಟಕ್ಕೆ ಬೇರೆ ಹಾಕುತ್ತೇವೆ. ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆಯ ಸಾಲಿಗೆ ಬರುವುದಿಲ್ಲ, ಹೊಟ್ಟೆಗೆ ಹೋದ ಮೇಲೆ ಬೇಗ ಗ್ಲೂಕೋಸ್ ಆಗುತ್ತದೆ. 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿಲ್ಲ. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳು ಇಂಥ ಪುಡಿಗಳನ್ನು ಆ ಹೆಸರಿನಡಿ ಇಡಬಾರದು ಎಂದು ಕೇಂದ್ರ ಸರ್ಕಾರ ಹೇಳಿದ್ದು ಇದೇ ಕಾರಣಕ್ಕೆ.

ಉತ್ತರ: ಪ್ಲಾಂಟೇಷನ್_ಎ

ಕಾಫಿಯ ವಿಷಯ ನಾನು ಹೇಳುತ್ತೇನೆ. 60:40 ತಂದರೆ ಕೆಫೀನ್ ಕಡಿಮೆ ಅನ್ನುವುದು ಅರ್ಧ ಸತ್ಯ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಸರಿ. ಉಳಿದ 60 ಯಾವ ಬೀಜ ಅಂತ ಕೇಳಿದಿರಾ? ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಸುಮಾರು ಶೇ. 2.2.

ಒಂದು ಲೋಟಕ್ಕೆ 8 ಗ್ರಾಂ ಪುಡಿ ಹಿಡಿಯೋಣ. ಪೂರ್ತಿ ಅರೇಬಿಕಾದ 80:20 ಆದರೆ ಕಾಫಿ 6.4 ಗ್ರಾಂ, ಕೆಫೀನ್ 77 ಮಿ.ಗ್ರಾಂ. ಎರಡು ಲೋಟಕ್ಕೆ 154. ಪೂರ್ತಿ ರೊಬಸ್ಟಾದ 60:40 ಆದರೆ ಕಾಫಿ 4.8 ಗ್ರಾಂ, ಕೆಫೀನ್ 105.6. ಎರಡು ಲೋಟಕ್ಕೆ 211. ಗರ್ಭಿಣಿಯರಿಗೆ ಹೇಳುವ ಮಿತಿ ದಿನಕ್ಕೆ 200. ಚಿಕೋರಿ ದುಪ್ಪಟ್ಟು ಮಾಡಿಯೂ ಕೆಫೀನ್ ಜಾಸ್ತಿ ಆಯಿತು ನೋಡಿ. ಫಿಲ್ಟರಿನಲ್ಲಿ ಪೂರ್ತಿ ಇಳಿಯುವುದಿಲ್ಲ, ಹಾಗಾಗಿ ಇದು ಮೇಲಿನ ಅಂಕಿ. ಆದರೆ ಗರ್ಭ ಬೆಳೆದ ಹಾಗೆ ತಾಯಿಯ ಮೈಯಿಂದ ಕೆಫೀನ್ ಹೊರಹೋಗುವುದೂ ನಿಧಾನವಾಗುತ್ತದೆ, ಆದ್ದರಿಂದ ಮೇಲಿನ ಅಂಕಿಯನ್ನೇ ಹಿಡಿದು ನಡೆಯುವುದು ಒಳ್ಳೆಯದು.

ಪುಡಿ ಅಂಗಡಿಯಲ್ಲಿ ಕೇಳುವ ಕ್ರಮ ಹೀಗೆ: 'ಪ್ಲಾಂಟೇಷನ್' ಅಂದರೆ ತೊಳೆದ ಅರೇಬಿಕಾ. ಬರೀ 'ಚೆರ್ರಿ' ಅಂದರೆ ಸಿಪ್ಪೆ ಸಮೇತ ಒಣಗಿಸಿದ್ದು, ಅರೇಬಿಕಾ ಚೆರ್ರಿಯೂ ಇದೆ, ರೊಬಸ್ಟಾ ಚೆರ್ರಿಯೂ ಇದೆ. ಅಗ್ಗದ ಮಿಶ್ರಣದಲ್ಲಿ ಬರುವುದು ಸಾಮಾನ್ಯವಾಗಿ ರೊಬಸ್ಟಾ ಚೆರ್ರಿ. 'ಪೀಬೆರಿ' ಅಂದ ಕೂಡಲೇ ಅರೇಬಿಕಾ ಅಂದುಕೊಳ್ಳಬೇಡಿ. ಒಂಟಿ ಕಾಳು ಎರಡೂ ಜಾತಿಯಲ್ಲಿ ಬರುತ್ತದೆ. 'ಪ್ಲಾಂಟೇಷನ್ ಪಿಬಿ' ಅಂತಲೇ ಕೇಳಿ. ಕಪ್ಪಗೆ ಹುರಿದರೆ ಕೆಫೀನ್ ಸುಟ್ಟು ಹೋಗುತ್ತದೆ ಅನ್ನುವುದೂ ಸುಳ್ಳು, ವ್ಯತ್ಯಾಸ ಅತ್ಯಲ್ಪ.

ಪ್ಯಾಕೆಟ್ ಪುಡಿಯಾದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಮುದ್ರಿಸಲೇಬೇಕು. ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ತಣ್ಣೀರಿನ ಲೋಟಕ್ಕೆ ಒಂದು ಚಮಚ ಪುಡಿ ಉದುರಿಸುವ ಪರೀಕ್ಷೆ ಗೊತ್ತಲ್ಲ, ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ಮುಳುಗುತ್ತದೆ. ಅದರಿಂದ ಚಿಕೋರಿ ಇದೆಯೇ ಎಂದು ಗೊತ್ತಾದೀತು, ಎಷ್ಟಿದೆ ಎಂದಲ್ಲ. ಬಹಳ ನುಣ್ಣಗೆ ಬೀಸಿದ ಕಾಫಿಯೂ ಸ್ವಲ್ಪ ಹೊತ್ತಿಗೆ ತಳ ಸೇರುತ್ತದೆ.

ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಆಗ ಜನ ಮಾತ್ರೆ ನುಂಗುತ್ತಾರೆ, ಮಾತ್ರೆಯಲ್ಲಿ ಮತ್ತೆ ಕೆಫೀನ್. ಮೂರು ಮೂರು ದಿನಕ್ಕೊಮ್ಮೆ ಪುಡಿ 2 ಗ್ರಾಂ ಇಳಿಸುತ್ತಾ ಬನ್ನಿ.

ಉತ್ತರ: ಉಪ್ಪಿನಜಾಡಿ

ನಂಬರಿಗೆ ಉತ್ತರ. ನಂಬರ್ ಇದ್ದ ಮಾತ್ರಕ್ಕೆ ವಿಷವಲ್ಲ. 100 ಅಂದರೆ ಅರಿಶಿನದ ಬಣ್ಣ, 330 ಸಿಟ್ರಿಕ್ ಆಮ್ಲ, 412 ಗೋರಿಕಾಯಿ ಜಾತಿಯ ಬೀಜದ ಅಂಟು, 500(ii) ನಮ್ಮ ಅಡುಗೆ ಸೋಡಾ. ಇವನ್ನು ಕಂಡು ಪ್ಯಾಕೆಟ್ ವಾಪಸ್ ಇಡುವುದರಲ್ಲಿ ಅರ್ಥವಿಲ್ಲ.

ಮಗುವಿನ ಮಟ್ಟಿಗೆ ನನ್ನ ಕಣ್ಣು ಹೋಗುವುದು ಬಣ್ಣಗಳ ಮೇಲೆ: 102 ಟಾರ್ಟ್ರಜೀನ್, 110 ಸನ್‌ಸೆಟ್ ಯೆಲ್ಲೋ, 122 ಕಾರ್ಮೊಯ್ಸಿನ್, 124 ಪೊನ್ಸೊ 4ಆರ್. ನಮ್ಮಲ್ಲಿ ಮಿತಿಯೊಳಗೆ ಅನುಮತಿ ಇದೆ. ಇದೇ ನಾಲ್ಕೂ ಸೇರಿದ ಆರು ಬಣ್ಣಗಳಲ್ಲಿ ಯಾವುದನ್ನು ಹಾಕಿದರೂ ಆ ತಿನಿಸಿನ ಮೇಲೆ 'ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮವಾಗಬಹುದು' ಎಂದು ಬರೆಯುವುದು ಯುರೋಪಿನಲ್ಲಿ 2010ರ ಜುಲೈಯಿಂದ ಕಡ್ಡಾಯ. ಹಿಂದಿನ ಕಾರಣ 2007ರಲ್ಲಿ ಪ್ರಕಟವಾದ ಸೌತಾಂಪ್ಟನ್ ಅಧ್ಯಯನ. ಪರಿಣಾಮ ಎಲ್ಲ ಮಕ್ಕಳಲ್ಲೂ ಒಂದೇ ಸಮ ಇರುವುದಿಲ್ಲ. ಆದರೆ ಈ ಬಣ್ಣದಿಂದ ಹೊಟ್ಟೆಗೆ ಸಿಗುವ ಲಾಭ ಏನೂ ಇಲ್ಲ, ಬಿಟ್ಟರೆ ನಷ್ಟವೂ ಇಲ್ಲ. ಕಸ್ಟರ್ಡ್ ಪುಡಿ, ಜೆಲ್ಲಿ, ಟೂಟಿ ಫ್ರೂಟಿ, ಬಾದಾಮ್ ಡ್ರಿಂಕ್ ಪುಡಿ, ಇವುಗಳ ಹಿಂಬದಿ ಮೊದಲು ಓದಿ.

ಅಸ್ತಮಾ ಇರುವವರು 220ರಿಂದ 228ರವರೆಗಿನ ಸಲ್ಫೈಟ್ ನೋಡಬೇಕು. ಅದು ಒಣಹಣ್ಣಿನಲ್ಲಿದೆ, ಪ್ಯಾಕೆಟ್ಟೇ ಇಲ್ಲದ ಬೆಲ್ಲದಲ್ಲೂ ಇದೆ. ಆಲೆಮನೆಯಲ್ಲಿ ಬೆಲ್ಲ ಹಳದಿಯಾಗಲು ಹಾಕುವ 'ಹೈಡ್ರೋಸ್' ಉಳಿಸಿ ಹೋಗುವುದು ಇದನ್ನೇ, ಮಿತಿ 70 ಪಿಪಿಎಂ (ಕಿಲೋಗೆ 70 ಮಿ.ಗ್ರಾಂ). ಕಂದು ಬೆಲ್ಲ ಶುದ್ಧ ಎಂಬ ಖಾತ್ರಿಯಿಲ್ಲ, ಆದರೆ ನಿಂಬೆಹಣ್ಣಿನ ಬಣ್ಣದ ಬೆಲ್ಲ ತಾನಾಗಿ ಹಾಗಾಗುವುದಿಲ್ಲ.

ನೂಡಲ್ಸ್ ಮಸಾಲೆಯಲ್ಲಿ 'ಎಂಎಸ್‌ಜಿ ಸೇರಿಸಿಲ್ಲ' ಅಂತ ಇದ್ದರೂ ರುಚಿ ಹೆಚ್ಚಿಸುವ 627, 631 ಅಥವಾ 635 ಇರಬಹುದು, ಜೊತೆಗೆ ಯೀಸ್ಟ್ ಎಕ್ಸ್‌ಟ್ರಾಕ್ಟೋ ಹೈಡ್ರೊಲೈಸ್ಡ್ ಪ್ರೋಟೀನೋ. ಗ್ಲುಟಮೇಟ್ ಆ ದಾರಿಯಲ್ಲೂ ಬರುತ್ತದೆ. ಆರೋಗ್ಯವಂತರಿಗೆ ದೊಡ್ಡ ಚಿಂತೆಯಲ್ಲ, ಯೂರಿಕ್ ಆಮ್ಲ ಹೆಚ್ಚಿರುವ ಮನೆಯ ಹಿರಿಯರು ಮಾತ್ರ 627, 631, 635 ಬಿಡುವುದು ಲೇಸು. ನೂಡಲ್ಸಿನ ನಿಜವಾದ ತೊಂದರೆ ಉಪ್ಪು. ಮಗುವಿಗೆ ಮಾಡುವಾಗ ಅರ್ಧ ಪೊಟ್ಟಣ ಮಸಾಲೆ ಹಾಕಿ, ಉಳಿದರ್ಧ ಎಸೆಯಿರಿ.

ಬ್ರೌನ್ ಬ್ರೆಡ್ಡಿನ ಪಟ್ಟಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆಯುತ್ತಾರೆ. ಮೊದಲ ಹೆಸರು ಮೈದಾ, ಕೊನೆಗೆಲ್ಲೋ 150 ಇದ್ದರೆ ಅದು ಕ್ಯಾರಮೆಲ್ ಬಣ್ಣ ಬಳಿದ ಬಿಳಿ ಬ್ರೆಡ್. 282 ಬೂಷ್ಟು ತಡೆಯುವುದಕ್ಕೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೋಧಿ ಆಗದವರು ಮನೆಯಲ್ಲಿದ್ದರೆ ಇಂಗಿನ ಡಬ್ಬಿಯನ್ನೂ ತಿರುಗಿಸಿ ನೋಡಿ, ಅಂಗಡಿಯ ಗಟ್ಟಿ ಇಂಗಿನಲ್ಲಿ ಮೈದಾ ಇರುವುದು ಹಲವರಿಗೆ ಗೊತ್ತೇ ಇಲ್ಲ.

ಮರುಪ್ರಶ್ನೆ: ಹಾಲುಕೆನೆ

ಎಲ್ಲರಿಗೂ ಧನ್ಯವಾದ. ಎರಡು ಸಣ್ಣ ಅನುಮಾನ. ಮಗು ಕಾಫಿಗೆ ಹಟ ಹಿಡಿದಾಗ ಎರಡನೇ ಡಿಕಾಕ್ಷನ್ ಹಾಕಿದರೆ ಆದೀತಾ? ಮತ್ತೆ ಗೋಬಿ, ಬೇಕರಿ ಕೇಕು, ಜಾತ್ರೆ ಮಿಠಾಯಿಗೆ ಲೇಬಲ್ಲೇ ಇಲ್ಲವಲ್ಲ, ಅಲ್ಲಿ ಏನು ನೋಡುವುದು?

ಉತ್ತರ: ಪ್ಲಾಂಟೇಷನ್_ಎ

ಕೆಫೀನ್ ಬಿಸಿನೀರಿಗೆ ಬೇಗ ಇಳಿಯುತ್ತದೆ, ಬಹುಪಾಲು ಮೊದಲ ಡಿಕಾಕ್ಷನ್ನಿಗೇ ಬಂದಿರುತ್ತದೆ. ಎರಡನೆಯದರಲ್ಲಿ ಕಡಿಮೆ, ಆದರೆ ಸೊನ್ನೆಯಲ್ಲ. ಮೊದಲ ಸಲ ನೀರು ಪೂರ್ತಿ ಇಳಿಯುವ ಮುಂಚೆ ಮತ್ತೆ ಸುರಿದರೆ ಎರಡೂ ಬೆರೆತು ಲೆಕ್ಕವೇ ತಪ್ಪುತ್ತದೆ. ಕೆಫೀನ್ ತೆಗೆದ ಡಿಕ್ಯಾಫ್ ಕಾಫಿಯಲ್ಲೂ ಲೋಟಕ್ಕೆ ಕೆಲವು ಮಿ.ಗ್ರಾಂ ಉಳಿದಿರುತ್ತದೆ. ಹಟಕ್ಕೆ ಬರೀ ಚಿಕೋರಿ ಕಾಲು ಚಮಚ ಹಾಲಿಗೆ ಹಾಕಿ ಕೊಡಿ. ಬಣ್ಣ, ಕಹಿ ಎರಡೂ ಕಾಫಿಯ ಹಾಗೇ, ಮಗುವಿಗೆ ಪತ್ತೆಯಾಗುವುದಿಲ್ಲ.

ಉತ್ತರ: ಉಪ್ಪಿನಜಾಡಿ

ನಿಜವಾಗಿ ಹೆದರಬೇಕಾದ್ದು ಲೇಬಲ್ ಇಲ್ಲದ ಕಡೆಗೇ. ಪ್ಯಾಕೆಟ್ಟಿನ 102ಕ್ಕೆ ಒಂದು ಮಿತಿಯಾದರೂ ಇದೆ, ಗಾಡಿಯವನು ಚಿಟಿಕೆಯಲ್ಲಿ ಹಾಕುತ್ತಾನೆ. ಗುಲಾಬಿ ಕಾಟನ್ ಕ್ಯಾಂಡಿಯಲ್ಲಿ ಸಿಕ್ಕಿದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಅನುಮತಿಯೇ ಇಲ್ಲ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದೆ. ಬಣ್ಣ ಹಾಕದ ಬಿಳಿ ಕಾಟನ್ ಕ್ಯಾಂಡಿಗೆ ಅಡ್ಡಿಯಿಲ್ಲ, ಕೊಡಿಸುವುದಾದರೆ ಅದನ್ನೇ ಕೊಡಿಸಿ.

ಹಳದಿಗೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಆರತಿಗೆ ಓಕಳಿ ಕದಡುವಾಗ ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ, ಅದೇ. ತಿಂಡಿಯ ಚೂರನ್ನು ಬಿಳಿ ತಟ್ಟೆಯಲ್ಲಿ ಎರಡು ಚಮಚ ಬಿಸಿನೀರಿನಲ್ಲಿ ಹಿಸುಕಿ, ಸೋಸಿ, ಸಾಸಿವೆ ಕಾಳಿನಷ್ಟು ಎಲೆಯಡಿಕೆ ಸುಣ್ಣ ಕದಡಿ. ಕೆಂಪಿಗೆ ತಿರುಗಿದರೆ ಅರಿಶಿನ ಇದೆ. ಹಳದಿ ಹಾಗೇ ನಿಂತರೆ ಟಾರ್ಟ್ರಜೀನ್‌ನಂಥ ಬಣ್ಣದ ಅನುಮಾನ. ಎರಡೂ ಬೆರೆಸಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ. ಪರೀಕ್ಷೆ ಮಾಡಿದ ಚೂರನ್ನು ಬಾಯಿಗೆ ಹಾಕಬೇಡಿ.

ಗೋಬಿಗೆ ಕೆಂಪು ಬೇಕೆಂದರೆ ಮನೆಯಲ್ಲಿ ಹತ್ತು ಬ್ಯಾಡಗಿ ಮೆಣಸಿನಕಾಯಿ, ಬೀಜ ತೆಗೆದು, ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ನುಣ್ಣಗೆ ರುಬ್ಬಿ. ಹಲವರು ಇದನ್ನು ನೇರ ನೀರಿಗೆ ಕಲಸಿ, ಮಂಕು ಇಟ್ಟಿಗೆ ಬಣ್ಣ ಬಂತು ಅಂತ ಕೈಬಿಡುತ್ತಾರೆ. ಬ್ಯಾಡಗಿಯ ಬಣ್ಣ ಕರಗುವುದು ಎಣ್ಣೆಯಲ್ಲಿ. ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ಅಂಚಿನಲ್ಲಿ ಕೆಂಪೆಣ್ಣೆ ಬಿಟ್ಟ ಮೇಲೆ ಸೋಯಾ ಸಾಸು, ಆಮೇಲೆ ಗೋಬಿ. ಉರಿ ಜೋರಾದರೆ ಅರ್ಧ ನಿಮಿಷದಲ್ಲಿ ಕಪ್ಪಗಾಗುತ್ತದೆ.

ಉತ್ತರ: ಸಣ್ಣಕ್ಷರ

ಒಂದು ಬಿಟ್ಟು ಹೋಗಿತ್ತು. ಗೂಡಂಗಡಿಯಲ್ಲಿ ₹20ಕ್ಕೆ ಸಿಗುವ ಎನರ್ಜಿ ಡ್ರಿಂಕನ್ನು ಮಕ್ಕಳು ತಂಪುಪಾನೀಯ ಅಂದುಕೊಂಡು ಕೊಳ್ಳುತ್ತಾರೆ. ಕಾನೂನಿನಲ್ಲಿ ಅದರದ್ದು ಬೇರೆಯೇ ವರ್ಗ, ಲೀಟರಿಗೆ 145ರಿಂದ 300 ಮಿ.ಗ್ರಾಂ ಕೆಫೀನ್. 250 ಮಿ.ಲೀ. ಬಾಟಲಿಯಲ್ಲಿ 75ರವರೆಗೂ ಇರಬಹುದು, ನಿಮ್ಮ ಮಗುವಿನ 54 ಒಂದೇ ಬಾಟಲಿಗೆ ದಾಟಿತು. ಮಕ್ಕಳಿಗೆ, ಗರ್ಭಿಣಿಯರಿಗೆ ಸೂಕ್ತವಲ್ಲ ಎಂದು ಬಾಟಲಿಯ ಮೇಲೇ ಬರೆದಿರುತ್ತದೆ, ಜೋಳದ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ.

ಲೇಬಲ್ ಮೇಲೆ 14 ಅಂಕಿಯ ಪರವಾನಗಿ ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಬಣ್ಣದ ಬಗ್ಗೆ ಗಟ್ಟಿ ಅನುಮಾನವಿದ್ದರೆ, 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ಪ್ಯಾಕೆಟ್ಟಿನ ಎರಡೂ ಬದಿಯ ಫೋಟೋ, ಬ್ಯಾಚ್ ನಂಬರ್, ಬಿಲ್ಲು ಹಾಕಿ ದೂರು ಕೊಡಿ. ಖರೀದಿಸಿದವರೇ ಶುಲ್ಕ ಕಟ್ಟಿ ಮಾದರಿ ಪರೀಕ್ಷೆ ಮಾಡಿಸಲು 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ತಿಂದು ಉಳಿದದ್ದನ್ನು ಬೇರೆ ಡಬ್ಬಿಗೆ ಸುರಿದು ಪ್ಯಾಕೆಟ್ ಎಸೆದುಬಿಟ್ಟರೆ ಬ್ಯಾಚ್ ನಂಬರೂ ಅದರ ಜೊತೆಗೇ ಹೋಗುತ್ತದೆ. ಅನುಮಾನ ಬಂದ ಪ್ಯಾಕೆಟ್ಟನ್ನು ಬಾಯಿ ಮಡಚಿ ಹಾಗೇ ಇಟ್ಟುಕೊಳ್ಳಿ.