ಅಲಸಂದೆ ಹೇನು ತಿನ್ನುವ ಹೂನೊಣಕ್ಕೆ ಮೂರು ಹೆಸರು: ಲೇಬಲ್‌ನಲ್ಲಿ ಯಾವುದನ್ನು ಬರೆಯಬೇಕು?

ಹೊಲದಂಚು (ಪ್ರಶ್ನೆ)

ಅಲಸಂದೆಯ ಕಪ್ಪು ಹೇನಿನ (ಏಫಿಸ್ ಕ್ರ್ಯಾಕ್ಸಿವೋರಾ) ಗುಂಪಿನಿಂದ ತೆಗೆದ ಹುಳುಗಳನ್ನು ಸಾಕಿದಾಗ 5 ಗಂಡು, 9 ಹೆಣ್ಣು ಸಿರ್ಫಿಡ್ ನೊಣ (ಹೂನೊಣ) ಹೊರಬಂದಿವೆ. ಎದೆಯ ಎರಡೂ ಅಂಚಿಗೆ ಹೊಳೆಯುವ ಹಳದಿ ಪಟ್ಟಿ, ಹೊಟ್ಟೆಯ ಮೇಲೆ ಹಳದಿ-ಕಪ್ಪು ಅಡ್ಡಪಟ್ಟಿ.

ಹಳೆಯ ಕೃಷಿ ವರದಿಗಳಲ್ಲಿ ಇದು ಕ್ಸ್ಯಾಂಥೋಗ್ರಾಮಾ ಸ್ಕುಟೆಲ್ಲಾರೆ. ಈಚಿನವುಗಳಲ್ಲಿ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್. ಕೆಲವು ಪ್ರಬಂಧಗಳಲ್ಲಿ ಸೀಮೋಸಿರ್ಫಸ್ ಸ್ಕುಟೆಲ್ಲಾರಿಸ್. ಇವು ಮೂರು ಪ್ರಭೇದಗಳೋ, ಒಂದೋ? ಒಂದೇ ಆದರೆ ಕೊನೆಯಲ್ಲಿ ಒಮ್ಮೆ ‘ರೆ’, ಒಮ್ಮೆ ‘ರಿಸ್’ ಏಕೆ? ಮಾದರಿಗಳನ್ನು ಸಂಗ್ರಹಾಲಯಕ್ಕೆ ಕೊಡಬೇಕಿದೆ, ತಪ್ಪು ಹೆಸರು ಹೋಗಬಾರದು.

ರೆಕ್ಕೆಗೆರೆ

ಮೂರೂ ಒಂದೇ ಪ್ರಭೇದದ ಹೆಸರುಗಳು. ಮೂಲದಿಂದ ಹಿಡಿದರೆ ಗೊಂದಲ ಬಿಡುತ್ತದೆ.

ಕೀಟತಜ್ಞ ಫ್ಯಾಬ್ರಿಷಿಯಸ್ 1805ರಲ್ಲಿ ಇದನ್ನು ಸ್ಕೀವಾ ಸ್ಕುಟೆಲ್ಲಾರಿಸ್ ಎಂದು ಹೆಸರಿಸಿದ. ಮಾದರಿ ಹೋದದ್ದು ನಮ್ಮ ಪಕ್ಕದಿಂದಲೇ, ಆಗ ಡೇನರ ಕೈಯಲ್ಲಿದ್ದ ಟ್ರಾಂಕೆಬಾರ್, ಅಂದರೆ ಈಗಿನ ತಮಿಳುನಾಡಿನ ತರಂಗಂಬಾಡಿಯಿಂದ. ಸ್ಕೀವಾ ಎಂಬ ಕುಲ ಆಗ ದೊಡ್ಡ ಚೀಲ, ಹಳದಿ ಪಟ್ಟಿಯ ನೊಣಗಳೆಲ್ಲ ಅದರೊಳಗೆ ಬೀಳುತ್ತಿದ್ದವು. ಆಮೇಲೆ ಎದೆಯಂಚಿನ ಹಳದಿ ಪಟ್ಟಿಯನ್ನು ನೋಡಿ ಕ್ಸ್ಯಾಂಥೋಗ್ರಾಮಾಕ್ಕೆ ಹಾಕಿದರು. ಆದರೆ ಆ ಪಟ್ಟಿ ಸ್ಫೀರೋಫೋರಿಯಾದಲ್ಲೂ ಇದೆ, ಇನ್ನೂ ಹಲವು ಕುಲಗಳಲ್ಲಿದೆ. ಅದೊಂದನ್ನೇ ನಂಬಿ ಕುಲ ಹೇಳಲಾಗದು.

1913ರಲ್ಲಿ ಸಾಕ್ ಎಂಬ ಕೀಟತಜ್ಞ ಫಾರ್ಮೋಸಾದ, ಅಂದರೆ ತೈವಾನಿನ, ನೊಣಗಳನ್ನು ನೋಡುವಾಗ ಗಂಡಿನ ಹಿಂಗಾಲ ಬುಡದಲ್ಲಿ ಮುಳ್ಳಿನಂಥ ಚಾಚಿಕೆ ಕಂಡು ಇಸ್ಕಿಯೋಡಾನ್ ಕುಲವನ್ನು ಕಟ್ಟಿದ. ಹೆಸರಿನ ಅರ್ಥವೇ ‘ಸೊಂಟದ ಹಲ್ಲು’. ಅವನು ಹೊಸದೆಂದು ತಿಳಿದು ಟ್ರೋಕ್ಯಾಂಟೆರಿಕಾ ಎಂದು ಕರೆದ ಪ್ರಭೇದ ನಮ್ಮ ಸ್ಕುಟೆಲ್ಲಾರಿಸ್ಸೇ. ಮ್ಯಾಕಾರ್ 1842ರಲ್ಲಿ ಕೊಟ್ಟ ಕೋರಮಂಡೆಲೆನ್ಸಿಸ್ ಕೂಡ ಇದೇ. ಇವೆಲ್ಲಕ್ಕಿಂತ ಹಿಂದಿನದು 1805ರದ್ದು, ಹಾಗಾಗಿ ಪ್ರಭೇದದ ಹೆಸರಿನ ಬಗ್ಗೆ ಜಗಳವಿಲ್ಲ.

‘ರೆ’ ಮತ್ತು ‘ರಿಸ್’ ಲ್ಯಾಟಿನ್ ವ್ಯಾಕರಣ, ಅಷ್ಟೆ. ಸ್ಕುಟೆಲ್ಲಾರಿಸ್ ವಿಶೇಷಣ, ಕುಲನಾಮದ ಲಿಂಗಕ್ಕೆ ಹೊಂದಬೇಕು. ಗ್ರಾಮಾ ಎಂದು ಮುಗಿಯುವುದು ನಪುಂಸಕಲಿಂಗ, ಆದ್ದರಿಂದ ಸ್ಕುಟೆಲ್ಲಾರೆ. ಓಡಾನ್ ಎಂದು ಮುಗಿಯುವುದು ಪುಲ್ಲಿಂಗ, ಮತ್ತೆ ಸ್ಕುಟೆಲ್ಲಾರಿಸ್. ಹಾಗೆ ನೋಡಿದರೆ ಸಾಕ್ ಬರೆದ ಸ್ತ್ರೀಲಿಂಗದ ಟ್ರೋಕ್ಯಾಂಟೆರಿಕಾ ಅವನದೇ ಕುಲದ ಲಿಂಗಕ್ಕೆ ಹೊಂದುವುದಿಲ್ಲ!

ತೋಟದ ತುಂಬೆ

ಇಷ್ಟೆಲ್ಲ ಯಾಕೆ? ಫೋಟೋ ಹಾಕಿ, ಆ್ಯಪ್ ಹೇಳಿದ ಹೆಸರು ಬರೆದುಬಿಡಿ.

ರೆಕ್ಕೆಗೆರೆ

ಆ್ಯಪ್ ನೋಡುವುದು ಬೆನ್ನನ್ನು. ಇಲ್ಲಿ ಬೇಕಿರುವ ಗುರುತು ಹೊಟ್ಟೆಯ ಕಡೆ, ಕಾಲಿನ ಸಂದಿಯಲ್ಲಿದೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಅದು ಬರುವುದೇ ಇಲ್ಲ.

ಸೂಜಿಮೊನೆ

ಮೊದಲು ಗಂಡುಗಳನ್ನು ಬೇರ್ಪಡಿಸಿ: ತಲೆಯ ಮೇಲೆ ಎರಡು ಕಣ್ಣುಗಳೂ ಕೂಡಿದ್ದರೆ ಗಂಡು, ನಡುವೆ ಜಾಗವಿದ್ದರೆ ಹೆಣ್ಣು. ಹಿಂಗಾಲಿನಲ್ಲಿ ಕಾಕ್ಸಾ (ಎದೆಗೆ ಅಂಟಿದ ಮೊದಲ ತುಂಡು) ಮತ್ತು ತೊಡೆಯ ನಡುವಿನ ಪುಟ್ಟ ತುಂಡೇ ಟ್ರೋಕ್ಯಾಂಟರ್. ಅದನ್ನು ಪಕ್ಕದಿಂದ, 20ರಿಂದ 40 ಪಟ್ಟು ಹಿಗ್ಗಿಸಿ ನೋಡಿ. ಉದ್ದನೆಯ ತೆಳು ಚಾಚಿಕೆ ಇದ್ದರೆ ಇಸ್ಕಿಯೋಡಾನ್. ಚಾಚಿಕೆ ಇಲ್ಲದೆ, ದೇಹ ಸಪೂರವಾಗಿದ್ದು, ಹೊಟ್ಟೆಯ ತುದಿಯಲ್ಲಿ ಗುಂಡಗೆ ಉಬ್ಬಿದ ಜನನಾಂಗ ಕಂಡರೆ ಅದು ಸ್ಫೀರೋಫೋರಿಯಾ. ಎದೆಯಂಚಿನ ಪಟ್ಟಿ ಮಂಕಾಗಿದ್ದು, ಹೊಟ್ಟೆಯ ಒಂದೊಂದು ಖಂಡದ ಮೇಲೆ ದಪ್ಪ-ತೆಳು ಜೋಡಿ ಕಪ್ಪು ಪಟ್ಟಿ ಇದ್ದರೆ ಎಪಿಸಿರ್ಫಸ್ ಎಂಬ ಕುಲದ ಕಡೆ ಹೋಗಿ.

ಕೆಲಸ ಕೆಡುವುದು ಹೆಚ್ಚಾಗಿ ಸೂಜಿ ಚುಚ್ಚುವಾಗಲೇ. ಕಾಲು ಮಡಚಿಕೊಂಡೇ ಒಣಗಿದರೆ ಟ್ರೋಕ್ಯಾಂಟರ್ ಮುಚ್ಚಿಹೋಗುತ್ತದೆ. ಮೆತ್ತಗಿರುವಾಗಲೇ ಹಿಂಗಾಲನ್ನು ಕೆಳಕ್ಕೂ ಹಿಂದಕ್ಕೂ ಎಳೆದಿಡಿ, ರೆಕ್ಕೆಯನ್ನು ಹೊಟ್ಟೆಯ ಮೇಲಿಂದ ಎತ್ತಿ, ಸೂಜಿಯನ್ನು ಎದೆಯ ನಟ್ಟನಡುವೆ ಬಿಟ್ಟು ಸ್ವಲ್ಪ ಬಲಕ್ಕೆ ಚುಚ್ಚಿ. ಈಗಾಗಲೇ ಒಣಗಿದ್ದರೆ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಮರಳು, ಬೂಸ್ಟು ಹಿಡಿಯದಂತೆ ಒಂದೆರಡು ಹರಳು ಥೈಮಾಲ್ ಹಾಕಿ, ಮಾದರಿಗೆ ನೀರು ತಾಗದಂತೆ 24 ಗಂಟೆ ಇಡಿ. ಕಾಲು ಸಡಿಲಾಗುತ್ತದೆ. ಒಣಗಿದ್ದನ್ನು ಹಾಗೇ ಎಳೆದರೆ ತೊಡೆಯ ಬುಡದಲ್ಲೇ ಮುರಿಯುತ್ತದೆ, ನೋಡಬೇಕಾದ ಭಾಗವೇ ಹೋಗುತ್ತದೆ.

ಸಾಕಿದ ನೊಣಗಳ ಬಗ್ಗೆ ಇನ್ನೊಂದು ಮಾತು. ಕೋಶದಿಂದ ಬಂದ ಕೂಡಲೇ ಕೊಂದರೆ ಬಣ್ಣ ಪೇಲವವಾಗಿ ಉಳಿದು, ಹೊಟ್ಟೆ ಒಣಗುವಾಗ ಕುಗ್ಗುತ್ತದೆ. ಸಕ್ಕರೆ ನೀರಿನ ಹತ್ತಿ ಇಟ್ಟು ಒಂದು ದಿನ ಬಿಡಿ, ಆಮೇಲೆ ಈಥೈಲ್ ಅಸಿಟೇಟ್ ಆವಿಯಲ್ಲಿ ಕೊಲ್ಲಿ.

ಹೊಲದಂಚು

ಐದು ಗಂಡುಗಳಲ್ಲೂ ಚಾಚಿಕೆ ಇದೆ. 9 ಹೆಣ್ಣುಗಳನ್ನು ಏನು ಮಾಡಲಿ? ಸೀಮೋಸಿರ್ಫಸ್ ಪ್ರಶ್ನೆಯೂ ಹಾಗೇ ಉಳಿಯಿತು.

ಕೀಟಪೆಟ್ಟಿಗೆ

ಎರಡನೆಯದು ಮೊದಲು. ಅದು ನಾಮಕರಣದ ಪ್ರಶ್ನೆಯಲ್ಲ, ವರ್ಗೀಕರಣದ್ದು. ಎಲ್ಲರೂ ಎಡವುವುದು ಇಲ್ಲೇ. ಸೀಮೋಸಿರ್ಫಸ್ ಕುಲವನ್ನು ಬಿಗೋ 1882ರಲ್ಲಿ ಮಾಡಿದ. ಆಸ್ಟ್ರೇಲಿಯಾದ ಗ್ರ್ಯಾಂಡಿಕಾರ್ನಿಸ್ ಅದರಲ್ಲಿದೆ. ಅದೂ ನಮ್ಮದೂ ಒಂದೇ ಕುಲದವು ಎಂದು ಒಪ್ಪಿದರೆ 1882 ಮುಂಚಿನದು, ಸೀಮೋಸಿರ್ಫಸ್ ಉಳಿದು 1913ರ ಇಸ್ಕಿಯೋಡಾನ್ ಸಮಾನನಾಮ, ಅಂದರೆ ಅದೇ ಕುಲದ ಬಳಕೆಗೆ ನಿಲ್ಲದ ಇನ್ನೊಂದು ಹೆಸರು, ಆಗುತ್ತದೆ. ಬೇರೆ ಎಂದರೆ ಎರಡೂ ಉಳಿಯುತ್ತವೆ. ಒಂದು ಮಾಡಬೇಕೋ ಬೇಡವೋ ಎಂಬುದನ್ನು ಪ್ರಾಣಿನಾಮ ಸಂಹಿತೆ ಹೇಳುವುದಿಲ್ಲ. ಒಂದು ಮಾಡಿದ ಮೇಲೆ ಯಾವ ಹೆಸರು ನಿಲ್ಲಬೇಕು ಎಂಬುದಷ್ಟೇ ಅದರ ಕೆಲಸ.

ನನ್ನ ಮಾತು ಕೇಳಿದರೆ ಇಸ್ಕಿಯೋಡಾನ್ ಎಂದೇ ಬರೆಯಿರಿ. ನೀವು ಕಣ್ಣಾರೆ ಕಂಡ ಗುರುತು ಆ ಕುಲದ್ದು, ಭಾರತದ ಕೀಟ ಸಾಹಿತ್ಯವೂ ಹೆಚ್ಚಾಗಿ ಆ ಹೆಸರಿನಲ್ಲೇ ಸಿಗುತ್ತದೆ. ವರದಿಯಲ್ಲಿ ಮೊದಲ ಸಲ ಬಂದಾಗ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ (ಫ್ಯಾಬ್ರಿಷಿಯಸ್, 1805) ಎಂದು ಪೂರ್ತಿ ಕೊಟ್ಟು, ಉಳಿದೆರಡು ಹೆಸರನ್ನು ಪಕ್ಕದಲ್ಲಿ ಹೇಳಿ. ಕಂಸ ಬಿಡಬೇಡಿ. ಕುಲ ಬದಲಾಗಿದೆ ಎಂಬುದಕ್ಕೆ ಅದೇ ಗುರುತು. ಲೇಬಲ್‌ನಲ್ಲಿ ಹೆಸರು ರೋಮನ್ ಲಿಪಿಯಲ್ಲೇ ಇರಲಿ, ಕನ್ನಡದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತೇವೆ.

ಹೆಣ್ಣುಗಳು: ಒಂದೊಂದು ಹುಳುವನ್ನೂ ಬೇರೆ ಡಬ್ಬಿಯಲ್ಲಿ ಸಾಕಿ, ಖಾಲಿ ಕೋಶವನ್ನು ಇಟ್ಟುಕೊಂಡಿದ್ದರೆ ಅದೇ ಸೂಜಿಗೆ ಅಂಟಿಸಿ. ಗಂಡಿನ ಕೋಶದೊಂದಿಗೆ ಹೋಲಿಸಬಹುದು. ಒಂದೇ ಡಬ್ಬಿಯಲ್ಲಿ ಸಾಕಿದ್ದರೆ ಎಲ್ಲವೂ ಒಂದೇ ಪ್ರಭೇದ ಎಂದು ಊಹಿಸಬೇಡಿ, ಒಂದೇ ಹೇನಿನ ಗುಂಪಿನಲ್ಲಿ ಎರಡು ಮೂರು ಬಗೆಯ ಸಿರ್ಫಿಡ್ ಹುಳು ಇರುವುದು ಸಾಮಾನ್ಯ. ಅನುಮಾನದ ಹೆಣ್ಣುಗಳಿಗೆ ಕುಲದ ಹೆಸರಾದ ಮೇಲೆ, ಪ್ರಭೇದದ ಹೆಸರಿಗೆ ಮೊದಲು ‘ಸಿಎಫ್.’ (cf., ‘ಹೋಲಿಸಿ ನೋಡಿ’) ಹಾಕಿ.

ಸೂಜಿಮೊನೆ

ಕೋಶದಿಂದ ನೊಣದ ಬದಲು ತೆಳ್ಳಗಿನ ಕಣಜ ಬಂದಿದ್ದರೆ ಎಸೆಯಬೇಡಿ, ಡಿಪ್ಲಝಾನ್ ಇರಬಹುದು. ಅದು ಸಿರ್ಫಿಡ್ ಹುಳುವಿನ ಪರಾವಲಂಬಿ. ಕೋಶದ ಜೊತೆಗೇ ಇಡಿ.

ಡಿಎನ್‌ಎ ಮಾಡಿಸುವುದಾದರೆ ಒಣಗಿಸುವ ಮುಂಚೆ ಒಂದು ನಡುಗಾಲು ಕಿತ್ತು 95 ಶೇಕಡಾ ಎಥೆನಾಲ್‌ಗೆ ಹಾಕಿ ಫ್ರೀಜರ್‌ನಲ್ಲಿಡಿ. ಹಿಂಗಾಲು ಮುಟ್ಟಬೇಡಿ. ಸಿಒಐ ಎಂಬ ಜೀನಿನ 658 ಅಕ್ಷರಗಳ ತುಣುಕು, ಅಂದರೆ ಪ್ರಭೇದ ಗುರುತಿಸುವ ಡಿಎನ್‌ಎ ಬಾರ್‌ಕೋಡ್, ಸಾಕು, ಹೆಣ್ಣನ್ನು ನಿಮ್ಮದೇ ಗಂಡಿನೊಂದಿಗೆ ಜೋಡಿಸಲು ಇದು ಒಳ್ಳೆಯ ದಾರಿ. ದತ್ತಕೋಶದ ಹೊಂದಾಣಿಕೆಯೊಂದನ್ನೇ ನೆಚ್ಚಬೇಡಿ: ಅಲ್ಲಿನ ಹೆಸರು ಅನುಕ್ರಮ ಸೇರಿಸಿದವರು ಕೊಟ್ಟದ್ದು, ತಪ್ಪಿರಬಹುದು. ಸಿರ್ಫಿಡ್‌ಗಳ ಕೆಲವು ಕುಲಗಳಲ್ಲಿ ಹತ್ತಿರದ ಪ್ರಭೇದಗಳನ್ನು ಸಿಒಐ ಬೇರ್ಪಡಿಸುವುದೂ ಇಲ್ಲ.

ಕೀಟಪೆಟ್ಟಿಗೆ

ಲೇಬಲ್ ಎರಡು ಇರಲಿ. ಮೇಲಿನದರಲ್ಲಿ ಊರು, ಅಕ್ಷಾಂಶ-ರೇಖಾಂಶ, ಹುಳು ತೆಗೆದ ದಿನ, ನೊಣ ಬಂದ ದಿನ, ಬೆಳೆ, ಹೇನಿನ ಹೆಸರು. ಕೆಳಗಿನದರಲ್ಲಿ ಗುರುತಿಸಿದ ಹೆಸರು, ಗುರುತಿಸಿದವರು, ವರ್ಷ. ನಾಳೆ ಯಾರಾದರೂ ಕುಲ ಬದಲಿಸಿದರೆ ಮೂರನೆಯ ಲೇಬಲ್ ಸೇರಿಸಲಿ, ಹಳೆಯದನ್ನು ಕಿತ್ತುಹಾಕುವುದು ಬೇಡ. ಹಳೆಯ ವರದಿ ಹುಡುಕುವಾಗ ಸ್ಕುಟೆಲ್ಲಾರಿಸ್, ಸ್ಕುಟೆಲ್ಲಾರೆ ಎರಡನ್ನೂ ಬೇರೆಬೇರೆಯಾಗಿ ಕೊಡಿ. ಒಂದನ್ನು ಕೊಟ್ಟರೆ ಇನ್ನೊಂದು ಸಿಗುವುದಿಲ್ಲ.