ಗ್ರಾಹಕರ ಪಟ್ಟಿಯ ಟೂಲ್ ಅನ್ನು ಎಐ ಏಜೆಂಟ್‌ಗೆ ವಿವರಿಸುವುದು ಹೇಗೆ? – ಪ್ರಶ್ನೋತ್ತರ

ನಿರ್ವಾಹಕರು: ಮಾರಾಟದ ಸಂಪರ್ಕ ಪಟ್ಟಿಯನ್ನು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಪ್ರೋಗ್ರಾಂ) ಕೈಗೆ ಒಪ್ಪಿಸಿರುವವರು ಪ್ರಶ್ನೆ ಕೇಳಬಹುದು. ಟೂಲ್ ಎಂದರೆ ಪಟ್ಟಿಯಲ್ಲಿ ಹುಡುಕಲು, ಸೇರಿಸಲು, ಅಳಿಸಲು ಏಜೆಂಟ್ ಬಳಸುವ ಸಾಧನ. ಉತ್ತರಿಸುವವರು ಸಾಫ್ಟ್‌ವೇರ್ ದಾಖಲೆ ಬರೆಯುವ ವೃತ್ತಿಯವರು. ಗ್ರಾಹಕರ ಹೆಸರು, ನಂಬರ್ ಇಲ್ಲಿ ಹಾಕಬೇಡಿ.

ಬೆಂಗಳೂರಿನ ಡೆವಲಪರ್: ನಮಸ್ಕಾರ ಮೇಡಂ. ಟೂಲ್‌ನ ವಿವರಣೆ ಎಷ್ಟು ಉದ್ದ ಇರಬೇಕು?

ಬರಹಗಾರ್ತಿ: ನಮಸ್ಕಾರ. ಅದಕ್ಕೆ ಅಳತೆ ಇಲ್ಲ. ಇಂದೇ ಕೆಲಸಕ್ಕೆ ಸೇರಿದ ಹುಡುಗನಿಗೆ ಆ ವಿವರಣೆಯ ಚೀಟಿಯನ್ನಷ್ಟೇ ಕೊಟ್ಟು ಕೂರಿಸಿ. ಅವನು ಎದ್ದು ಬಂದು ಏನೇನು ಕೇಳುತ್ತಾನೋ ಅದೆಲ್ಲ ಚೀಟಿಯಲ್ಲಿರಬೇಕು. ಏಜೆಂಟ್ ಹಲವು ಸಲ ಕೇಳುವುದೇ ಇಲ್ಲ, ಊಹಿಸಿ ಮುಂದೆ ಹೋಗುತ್ತದೆ.

ದಾವಣಗೆರೆಯ ಬಟ್ಟೆ ವ್ಯಾಪಾರಿ: ಯಾವ ಸಿಆರ್‌ಎಂ (ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್) ಅಗ್ಗ?

ಹುಬ್ಬಳ್ಳಿಯ ಪಂಪ್‌ಸೆಟ್ ವಿತರಕ: ಮೇಡಂ, ದೀಪಾವಳಿ ರಿಯಾಯಿತಿಯ ಪಟ್ಟಿಯಿಂದ ಎರಡು ವರ್ಷ ಖರೀದಿ ಮಾಡದವರನ್ನು ತೆಗೆಯಲು ಏಜೆಂಟ್‌ಗೆ ಹೇಳಿದೆವು. ಈಗ ನಾನೂರಕ್ಕೂ ಹೆಚ್ಚು ಗ್ರಾಹಕರು ಯಾವ ಪಟ್ಟಿಯಲ್ಲೂ ಇಲ್ಲ. ಅವರ ಮೋಟಾರಿನ ವಾರಂಟಿ ಟಿಪ್ಪಣಿಯೂ ಹೋಗಿದೆ. ಟೂಲ್‌ನ ವಿವರಣೆಯಲ್ಲಿ ತಮ್ಮನ ಮಗ ಬರೆದದ್ದು ಒಂದೇ ಸಾಲು: "ಸಂಪರ್ಕವನ್ನು ತೆಗೆಯುತ್ತದೆ."

ಬರಹಗಾರ್ತಿ: ಸರ್, ಮೊದಲು ಏಜೆಂಟ್‌ನ ಬರೆಯುವ ಮತ್ತು ಅಳಿಸುವ ಅನುಮತಿಯನ್ನು ಕಿತ್ತುಹಾಕಿ. ಈಗಲೇ. ಹಳೆಯ ಎಕ್ಸೆಲ್ ಹಾಳೆಯನ್ನು ಈಗಿನ ಪಟ್ಟಿಯ ಮೇಲೆ ತುಂಬಬೇಡಿ. ಅಳಿಸಿದವರು ಸಾಫ್ಟ್‌ವೇರ್‌ನ ಕಸದ ಬುಟ್ಟಿಯಲ್ಲಿ (ಟ್ರ್ಯಾಶ್) ಇದ್ದಾರೆಯೇ ನೋಡಿ.

ತಪ್ಪು "ತೆಗೆಯುತ್ತದೆ" ಎಂಬ ಪದದಲ್ಲಿದೆ. ಊರೂರು ತಿರುಗುವಾಗಿನ ಚೀಟಿಯಿಂದ ಒಬ್ಬರ ಹೆಸರು ಹೊಡೆಯುವುದು ಬೇರೆ, ಖಾತೆ ಪುಸ್ತಕದಲ್ಲಿ ಅವರ ಪುಟವನ್ನೇ ಹರಿಯುವುದು ಬೇರೆ. ನಿಮ್ಮ ಟೂಲ್ ಎರಡನೆಯದು. ನೀವು ಹೇಳಿದ್ದು ಮೊದಲನೆಯದನ್ನು. ಏಜೆಂಟ್‌ಗೆ ಕಾಣುವುದು ಟೂಲ್‌ನ ಹೆಸರು, ವಿವರಣೆ, ಅದು ಕೇಳುವ ಮಾಹಿತಿಯ ನಮೂನೆ ಮಾತ್ರ. ಒಳಗಿನ ಕೋಡ್ ಕಾಣುವುದಿಲ್ಲ. ಹಾಗಾಗಿ ಎರಡು ಟೂಲ್ ಮಾಡಿ, ಹೀಗೆ ಬರೆಯಿರಿ:

"ಪಟ್ಟಿಯಿಂದ ಬಿಡಿಸು: ಒಬ್ಬ ಗ್ರಾಹಕರನ್ನು ಒಂದು ಪ್ರಚಾರ ಪಟ್ಟಿಯಿಂದ ಮಾತ್ರ ಬಿಡಿಸುತ್ತದೆ. ಅವರ ದಾಖಲೆ, ಖರೀದಿ, ಟಿಪ್ಪಣಿ ಹಾಗೆಯೇ ಉಳಿಯುತ್ತವೆ. ಪಟ್ಟಿಯ ಐಡಿ ಮತ್ತು ಗ್ರಾಹಕರ ಐಡಿ ಬೇಕು, ಹೆಸರನ್ನು ಸ್ವೀಕರಿಸುವುದಿಲ್ಲ."

"ದಾಖಲೆ ಅಳಿಸು: ಗ್ರಾಹಕರನ್ನು ಟಿಪ್ಪಣಿಗಳ ಸಮೇತ ಎಲ್ಲ ಕಡೆಯಿಂದ ಅಳಿಸುತ್ತದೆ. ಪಟ್ಟಿ ಚೊಕ್ಕಟ ಮಾಡಲು ಇದನ್ನು ಬಳಸಬಾರದು."

ಏಜೆಂಟ್ ಮತ್ತು ಟೂಲ್‌ಗಳನ್ನು ಜೋಡಿಸಲು ಎಐ ಕಂಪನಿ ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿ ನಿಯಮಾವಳಿಯ ಈಗಿನ ಆವೃತ್ತಿಯಲ್ಲಿ ಟೂಲ್‌ಗೆ "ಇದು ನಾಶ ಮಾಡಬಲ್ಲದು" ಎಂಬ ಗುರುತು ಹಾಕಬಹುದು. ಹಾಕಿ. ಆದರೆ ಅದು ಸೂಚನೆಯೇ ಹೊರತು ಬೀಗವಲ್ಲ. ಬೀಗ ಎಂದರೆ ಅನುಮತಿ, ಅಳಿಸುವ ಮುನ್ನ ಮನುಷ್ಯರೊಬ್ಬರ ಒಪ್ಪಿಗೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು. ಕೊನೆಯ ಖರೀದಿಯ ದಿನಾಂಕ ಖಾಲಿ ಇದ್ದವರೂ ಹೋಗಿದ್ದಾರೆಯೇ?

ಹುಬ್ಬಳ್ಳಿಯ ಪಂಪ್‌ಸೆಟ್ ವಿತರಕ: ಹೌದು ಮೇಡಂ! ಕಳೆದ ತಿಂಗಳು ಬಿಲ್ ಮಾಡಿದವರೂ ಇಲ್ಲ. ಅಂಗಡಿಯ ಬಿಲ್ ಈ ಪಟ್ಟಿಗೆ ತಾನಾಗಿ ಸೇರುವುದಿಲ್ಲ.

ಬರಹಗಾರ್ತಿ: ಅದೇ ಭಯ ಇತ್ತು. "ಖಾಲಿ ಎಂದರೆ ಗೊತ್ತಿಲ್ಲ ಎಂದರ್ಥ, ಖರೀದಿಸಿಲ್ಲ ಎಂದಲ್ಲ" ಎಂಬ ಸಾಲು ವಿವರಣೆಯಲ್ಲಿ ಇರಲೇಬೇಕು. ಬುಟ್ಟಿ ನೋಡಿ ತಿಳಿಸಿ.

ತುಮಕೂರಿನ ಸದಸ್ಯೆ: ಅಕ್ಕ, ನೆಟ್ ನಿಧಾನವಾದಾಗ ಒಬ್ಬರೇ ಗ್ರಾಹಕರು ಮೂರು ಸಲ ಸೇರುತ್ತಾರೆ.

ಬರಹಗಾರ್ತಿ: ಉತ್ತರ ಬಾರದಿದ್ದಾಗ ಏಜೆಂಟ್ ಮತ್ತೆ ಪ್ರಯತ್ನಿಸುತ್ತದೆ. ಅದೇ ನಂಬರ್ ಮತ್ತೆ ಬಂದರೆ ಹೊಸದನ್ನು ಸೇರಿಸದೆ ಇದ್ದದ್ದನ್ನೇ ಮರಳಿಸುವಂತೆ ಟೂಲ್ ತಿದ್ದಿಸಿ, ಹಾಗೆಂದು ವಿವರಣೆಯಲ್ಲೂ ಬರೆಯಿರಿ. ನಂಬರ್ ಯಾವಾಗಲೂ +91 ಸೇರಿಸಿ ಒಂದೇ ರೂಪದಲ್ಲಿರಲಿ, ಇಲ್ಲದಿದ್ದರೆ ಹೋಲಿಕೆ ಸಿಗುವುದಿಲ್ಲ.

ಮೈಸೂರಿನ ಸದಸ್ಯ: ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಹಂಚುತ್ತಿದ್ದೇನೆ. "ನೀನು 20 ವರ್ಷ ಅನುಭವದ ಮಾರಾಟ ತಜ್ಞ, ಎಂದೂ ತಪ್ಪು ಮಾಡುವುದಿಲ್ಲ" ಎಂದು ಏಜೆಂಟ್‌ಗೆ ಬರೆದು, ಕೆಳಗೆ ಇಡೀ ಪಟ್ಟಿ ಅಂಟಿಸಿದರೆ ಬೇರೆ ದಾಖಲೆ ಬೇಡವಂತೆ.

ಬರಹಗಾರ್ತಿ: ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಹೊಗಳಿದ ಮಾತ್ರಕ್ಕೆ ಟೂಲ್ ಏನು ಮಾಡುತ್ತದೆ ಎಂಬುದು ಏಜೆಂಟ್‌ಗೆ ತಿಳಿಯುವುದಿಲ್ಲ. ಪಟ್ಟಿ ಅಂಟಿಸಿದರೆ ನಿಮ್ಮನ್ನು ನಂಬಿದ ಜನರ ನಂಬರುಗಳು ಪ್ರತಿ ಸಂಭಾಷಣೆಯಲ್ಲೂ ಹೊರಗಿನ ಸರ್ವರ್‌ಗೆ ಹೋಗುತ್ತವೆ. ಈ ವಾರ ಇದೇ ಸಂದೇಶ ನನಗೆ ಬಂದದ್ದು ನಾಲ್ಕನೆಯ ಸಲ.

ಮಂಗಳೂರಿನ ಟೈಲ್ಸ್ ವ್ಯಾಪಾರಿ: ವಸ್ತುಪ್ರದರ್ಶನದಲ್ಲಿ ಸಿಕ್ಕ ವಿಸಿಟಿಂಗ್ ಕಾರ್ಡ್‌ಗಳನ್ನು ಪಟ್ಟಿಗೆ ಸೇರಿಸಿದ್ದೇವೆ. ಕಾರ್ಡ್ ಕೊಟ್ಟರೆ ಒಪ್ಪಿಗೆ ಕೊಟ್ಟಂತೆಯೇ.

ಶಿವಮೊಗ್ಗದ ಸದಸ್ಯೆ: ಹೇಗೆ ಸರ್? ಸ್ನಾನದ ಮನೆಯ ಟೈಲ್ಸ್ ಬೆಲೆ ಕೇಳಿ ಕಾರ್ಡ್ ಕೊಟ್ಟವಳಿಗೆ ವರ್ಷವಿಡೀ ಕರೆ ಮಾಡಬಹುದೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಎಂಬುದು ನಿರ್ದಿಷ್ಟ ಉದ್ದೇಶಕ್ಕೆ.

ಮಂಗಳೂರಿನ ಟೈಲ್ಸ್ ವ್ಯಾಪಾರಿ: ಕರೆ ಬೇಡವಾದರೆ 1909ಕ್ಕೆ ಹೇಳಿ ನಿಲ್ಲಿಸಿಕೊಳ್ಳಲಿ. ವ್ಯಾಪಾರ ಮಾಡದವರು ಕಾನೂನು ಹೇಳುವುದು ಸುಲಭ.

ಶಿವಮೊಗ್ಗದ ಸದಸ್ಯೆ: ನಾನು ಹನ್ನೊಂದು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಗೊತ್ತಿಲ್ಲದೆ ಮಾತನಾಡಬೇಡಿ.

ಮೈಸೂರಿನ ಸದಸ್ಯ: ನಾನು ಒಳ್ಳೆಯ ಮನಸ್ಸಿನಿಂದ ಹಂಚಿದೆ. ಹೀಗೆ ಗದರಿದರೆ ಗುಂಪಿನಲ್ಲಿ ಯಾರಿರುತ್ತಾರೆ?

ಬರಹಗಾರ್ತಿ: ಕಾನೂನಿನ ತೀರ್ಮಾನ ವಕೀಲರಿಗೆ ಬಿಡಿ. ನನ್ನ ಕೆಲಸದ ಮಾತು ಇಷ್ಟು: ಯಾರು, ಯಾವಾಗ, ಯಾವುದಕ್ಕೆ ಒಪ್ಪಿದರು ಎಂಬ ಕಾಲಂ ಇರಲಿ. ಅದು ಖಾಲಿ ಇದ್ದರೆ ಸಂದೇಶ ಕಳಿಸುವ ಟೂಲ್ ನಿರಾಕರಿಸಲಿ.

ಕಲಬುರಗಿಯ ಸದಸ್ಯ: ಏಜೆಂಟ್ ನಮ್ಮಲ್ಲಿ 50 ಗ್ರಾಹಕರು ಮಾತ್ರ ಎನ್ನುತ್ತಿದೆ. ಇರುವವರು ಸಾವಿರಾರು.

ಬರಹಗಾರ್ತಿ: ಮೊದಲ ಪುಟವಷ್ಟೇ ಓದಿದೆ. "ಒಂದು ಸಲಕ್ಕೆ 50, ಮುಂದಿನ ಪುಟದ ಗುರುತು ಬಂದರೆ ಇನ್ನೂ ಇವೆ" ಎಂದು ಬರೆಯಿರಿ.

ಬೆಳಗಾವಿಯ ಸದಸ್ಯ: ವಿವರಣೆ ಎಷ್ಟು ಉದ್ದ ಇರಬೇಕು ಮೇಡಂ?

ಬರಹಗಾರ್ತಿ: ಮೊದಲ ಉತ್ತರ ಓದಿ.

ದಾವಣಗೆರೆಯ ಬಟ್ಟೆ ವ್ಯಾಪಾರಿ: ಸಿಆರ್‌ಎಂ ಬಗ್ಗೆ ಯಾರೂ ಹೇಳಲಿಲ್ಲ.

ಮಂಗಳೂರಿನ ಟೈಲ್ಸ್ ವ್ಯಾಪಾರಿ: ಎಲ್ಲ ಕಾಲಂ ತುಂಬುತ್ತಾ ಕುಳಿತರೆ ಮಾರುವುದು ಯಾವಾಗ?

ಹುಬ್ಬಳ್ಳಿಯ ಪಂಪ್‌ಸೆಟ್ ವಿತರಕ: ಮೇಡಂ, ಬುಟ್ಟಿಯಲ್ಲಿ ಎಲ್ಲರ ಹೆಸರೂ ಇದೆ. ವಾರಂಟಿ ಟಿಪ್ಪಣಿ ಕಾಣುತ್ತಿಲ್ಲ. ಎಲ್ಲರನ್ನೂ ಒಮ್ಮೆಗೇ ತರುವ ಟೂಲ್ ಇದೆ, ಅದರ ವಿವರಣೆ "ಮರಳಿಸುತ್ತದೆ" ಎಂದಷ್ಟೇ. ಏಜೆಂಟ್‌ಗೆ ಹೇಳಲೇ?

ಬರಹಗಾರ್ತಿ: ಬೇಡ. ಒಬ್ಬರನ್ನು ಮಾತ್ರ ನಿಮ್ಮ ಕೈಯಿಂದ ಮರಳಿಸಿ. ಟಿಪ್ಪಣಿ ಜೊತೆಗೆ ಬಂದಿದೆಯೇ ನೋಡಿ ಹೇಳಿ. ಕಾಯುತ್ತಿದ್ದೇನೆ.