ಅಪ್‌ಡೇಟ್: ಅಮ್ಮನ ಮಾತ್ರೆ ಚೀಟಿ ಕೊನೆಗೂ ಅರ್ಥ ಆಯ್ತು

ದಾವಣಗೆರೆಯಲ್ಲಿ ತೋರಿಸಿದಾಗ ಅಮ್ಮನ ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡಕ್ಕೂ 1-0-0 (ಬೆಳಿಗ್ಗೆ ಒಂದು, ಮಧ್ಯಾಹ್ನ-ರಾತ್ರಿ ಇಲ್ಲ) ಅಂತಷ್ಟೇ ಬರೆದಿದ್ದರು. ಹೇಗೆ ಕೊಡುವುದು ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೆಡಿಕಲ್ ಶಾಪ್‌ನಲ್ಲಿ ವಿಚಾರಿಸಿದ್ದು ಉಪಯೋಗವಾಗಲಿಲ್ಲ. ಜನ ಜಾಸ್ತಿ, "ಬೆಳಿಗ್ಗೆ ಒಂದೊಂದು" ಅಂದು ಕಳಿಸಿದರು.

ಕೆಲಸಕ್ಕೆ ಬಂದಿದ್ದು ಇನ್ನೊಂದು ಸಲಹೆ: ನಮಗೆ ಅರ್ಥವಾಗಿದ್ದನ್ನು ಡಾಕ್ಟರ್ ಎದುರೇ ತಿರುಗಿ ಹೇಳುವುದು. "ಎರಡೂ ಒಟ್ಟಿಗೆ ನುಂಗ್ತೀನಿ ಸಾರ್" ಅಂತ ಅಮ್ಮ ಹೇಳಿದ ಕೂಡಲೇ ಅವರು ತಡೆದರು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಕನಿಷ್ಠ 4 ಗಂಟೆ ಬಿಟ್ಟು. ಒಟ್ಟಿಗೆ ತಗೊಂಡರೆ ಥೈರಾಯ್ಡ್ ಔಷಧ ಮೈಗೆ ಸರಿಯಾಗಿ ಸೇರುವುದಿಲ್ಲವಂತೆ. ಕಾಫಿಯೂ ಅಡ್ಡಿ, ಥೈರಾಯ್ಡ್ ಮಾತ್ರೆ ನುಂಗಿದ ಮೇಲೆ ಅರ್ಧದಿಂದ ಒಂದು ಗಂಟೆ ತಡೆಯಬೇಕು! ಇದು ನನಗೆ ಗೊತ್ತೇ ಇರಲಿಲ್ಲ.

ಬೈತಾರೇನೋ ಅಂತ ಅಮ್ಮ ಸುಮ್ನೆ ಹೆದರಿದ್ದರು. ಕೇಳಿದ್ದಕ್ಕೆ ಚೀಟಿ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟರು. 6 ವಾರದ ನಂತರ ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಅಂತ ನೋಡುವ ರಕ್ತ) ಪರೀಕ್ಷೆ ಇದೆ.